ಅಂಗಡಿ ಕ್ಯಾಮೆರಾದ ಗೀಟು

ಬರಬೇಡ ಅಂದಿದ್ದರಿಂದಲೇ ಅವಳು ಹೋದಳು. ಅಪ್ಪ ಸುಮ್ಮನಿದ್ದಿದ್ದರೆ ಕಾಲೇಜಿನ ಫೋಟೋ ಪ್ರದರ್ಶನದ ಕಡೆ ಅವಳು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಬೆಳಿಗ್ಗೆ ಅವನು ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಕನ್ನಡಿಯ ಮುಂದೆ ಕಾಲರ್ ಸರಿಮಾಡಿಕೊಳ್ಳುತ್ತಾ, "ಸಂಜೆ ನಿಮ್ಮ ಕಾಲೇಜಲ್ಲಿ ಬಹುಮಾನ ಕೊಡೋಕೆ ನನ್ನ ಕರ್ದಿದಾರೆ. ನೀನೇನೂ ಅಲ್ಲಿಗೆ ಬರ್ಬೇಡ. ಕ್ಲಾಸ್ ಮುಗಿಸ್ಕೊಂಡು ಸೀದಾ ಮನೆಗೆ ಹೋಗು" ಅಂದಿದ್ದ. ಕಾನೂನು ಓದುವ ಹುಡುಗಿಗೆ ಕಾರಣ ಹೇಳದೆ ಬೇಡ ಅನ್ನಬಾರದು. ಓದಲು ಕಳಿಸಿದವನಿಗೇ ಅಷ್ಟು ತಿಳಿಯಲಿಲ್ಲ.

ಅಪ್ಪನದು ಕಾಲೇಜಿನ ಹಿಂದಿನ ಗೇಟಿನ ಎದುರು ಒಂದು ಸ್ಟುಡಿಯೋ. ಅರ್ಜಿಗೆ ಅಂಟಿಸುವ ಫೋಟೋ, ಗುರುತಿನ ಚೀಟಿಯ ಫೋಟೋ, ಇಷ್ಟೇ ವ್ಯಾಪಾರ. ಮೂವತ್ತು ವರ್ಷದಿಂದ "ಗದ್ದ ಸ್ವಲ್ಪ ಮೇಲೆ, ಕಣ್ಣು ಮುಚ್ಚಬೇಡಿ" ಅನ್ನುವ ಎರಡು ಮಾತಿನಲ್ಲೇ ಸಂಸಾರ ಸಾಗಿಸಿದ ಮನುಷ್ಯ. ಊರಿನವರ ಗದ್ದವನ್ನೆಲ್ಲ ಎತ್ತಿಸಿದವನು ಮನೆಯಲ್ಲಿ ಮಾತ್ರ ತನ್ನದನ್ನು ಎದೆಗೊತ್ತಿಕೊಂಡೇ ಕೂರುತ್ತಿದ್ದ. ಕಾಲೇಜಿನ ಫೋಟೋ ಸಂಘದ ಹುಡುಗರ ರೀಲು ತೊಳೆದುಕೊಡುವವನೂ, ದೊಡ್ಡದು ಮಾಡಿಕೊಡುವವನೂ ಅವನೇ. ಬೆಳಕು ಎಲ್ಲಿಂದ ಬೀಳಬೇಕು, ಗುಂಡಿ ಒತ್ತುವಾಗ ಉಸಿರು ಹೇಗೆ ಬಿಗಿಹಿಡಿಯಬೇಕು ಎಂದು ಅವರಿಗೆಲ್ಲ ಬೇಸರವಿಲ್ಲದೆ ಹೇಳಿಕೊಡುತ್ತಿದ್ದ. ಮಗಳು ಹತ್ತಿರ ಸುಳಿದರೆ ಮಾತ್ರ, "ಹೋಗು, ಓದ್ಕೋ ಹೋಗು." ಅವಳು ಕಲಿತದ್ದೆಲ್ಲ ಪರದೆಯ ಸಂದಿಯಿಂದ ಇಣುಕಿ ಕಲಿತದ್ದು.

ಪ್ರದರ್ಶನ ಇದ್ದದ್ದು ಗ್ರಂಥಾಲಯದ ಓದುವ ಕೋಣೆಯಲ್ಲಿ. ಮೇಜುಗಳನ್ನು ಗೋಡೆಗೆ ತಳ್ಳಿ, ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿ, ಫೋಟೋಗಳನ್ನು ಗುಂಡುಸೂಜಿಯಿಂದ ಚುಚ್ಚಿದ್ದರು. ಚೌಕಟ್ಟಿಲ್ಲ, ಗಾಜಿಲ್ಲ. ಬಾಗಿಲ ಪಕ್ಕದ ಅಭಿಪ್ರಾಯದ ಪುಸ್ತಕದಲ್ಲಿ ಎಲ್ಲರೂ "ಅದ್ಭುತ" ಎಂದು ಬರೆದಿದ್ದರು. ಒಳಗೆ ಹೋಗುವ ಮೊದಲೇ ಬರೆಯುತ್ತಿದ್ದವರನ್ನು ಅವಳು ಕಣ್ಣಾರೆ ನೋಡಿದಳು. ಒಳಗೆ ಒಂದು ಮುದುಕಿಯ ಸುಕ್ಕು, ಒಂದು ಒಡೆದ ಗೋಡೆ, ಒಂದು ಮುಳುಗುವ ಸೂರ್ಯ, ಅದರ ಪಕ್ಕ ಇನ್ನೊಂದು ಮುಳುಗುವ ಸೂರ್ಯ. ಇರುವುದು ಒಂದೇ ಸೂರ್ಯ, ಪಾಪ, ಈ ಸಂಘದವರಿಗಾಗಿ ಎಷ್ಟು ಸಲ ಅಂತ ಮುಳುಗಬೇಕು! ಮೂಗು ಮುರಿಯುತ್ತಾ ಕೊನೆಯ ಹಲಗೆಯ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು.

"ಮೊದಲ ಬಹುಮಾನ" ಎಂದು ಚೀಟಿ ಅಂಟಿಸಿದ್ದ ಆ ಫೋಟೋದಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದೇ ಕೋಟು ತೊಟ್ಟಿದ್ದರು. ಅಣ್ಣನ ಎಡಗೈ ಇನ್ನೂ ತೋಳಿನಲ್ಲಿದೆ, ತಮ್ಮನ ಬಲಗೈ ಆಗಲೇ ಇನ್ನೊಂದು ತೋಳಿಗೆ ನುಗ್ಗಿದೆ. ಇಬ್ಬರೂ ಬಾಯಿ ತುಂಬ ನಗುತ್ತಿದ್ದಾರೆ. ಹಿಂದೆ ಎಲ್ಲರಿಗಿಂತ ಚಿಕ್ಕ ತಮ್ಮ ಟೈ ಬಿಗಿದುಕೊಂಡು ಗಂಭೀರವಾಗಿ ತಲೆ ಬಾಚುತ್ತಾ ತನ್ನ ಸರದಿಗೆ ಕಾಯುತ್ತಿದ್ದಾನೆ. ಆ ಕೋಟು ಅವಳಿಗೆ ಗೊತ್ತು. ಅದು ಸ್ಟುಡಿಯೋದ ಕೋಟು. ಕೆಲಸದ ಅರ್ಜಿಗೆ ಫೋಟೋ ತೆಗೆಸಲು ಬಂದವರೆಲ್ಲ ಹಾಕಿಕೊಂಡು ಕಳಚಿಟ್ಟು ಹೋಗುವ ಕೋಟು. ಆ ಮೂವರು ಅಣ್ಣತಮ್ಮಂದಿರೂ ಗೊತ್ತು.

ಎಂಟು ತಿಂಗಳ ಹಿಂದೆ ಆ ಮೂವರು ಅರ್ಜಿಯ ಫೋಟೋಗೆ ಬಂದಿದ್ದಾಗ ಅಪ್ಪ ಹೊಸ ರೀಲು ತರಲು ಕತ್ತಲೆ ಕೋಣೆಗೆ ಹೋಗಿದ್ದ. ಕ್ಯಾಮೆರಾದಲ್ಲಿ ಕೊನೆಯ ಒಂದು ಪಟ ಉಳಿದಿತ್ತು. ಅವರು ಕೋಟು ಬದಲಾಯಿಸುವಾಗ ಅವಳು ಪರದೆ ಸರಿಸಿ ಹೊರಗೆ ಬಂದು, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ್ದಳು. ಜೀವಮಾನದಲ್ಲಿ ತಾನಾಗಿ ತೆಗೆದ ಮೊದಲ ಫೋಟೋ. ನಾಲ್ಕು ದಿನ ಅನ್ನ ನೀರು ರುಚಿಸಲಿಲ್ಲ. ಐದನೆಯ ದಿನ ತಡೆಯಲಾರದೆ ಕೇಳಿದಾಗ ಅಪ್ಪ ತಲೆಯೆತ್ತದೆ, "ಅದು ಬರ್ಲಿಲ್ಲ. ಅಲುಗಾಡಿದೆ. ಬಿಸಾಕ್ದೆ" ಅಂದಿದ್ದ. ತನ್ನ ಕೈಗೆ ಆ ವಿದ್ಯೆ ಇಲ್ಲ ಎಂದು ಅವಳು ಆವತ್ತೇ ಆಸೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದಳು.

ಅಲುಗಾಡಿದೆಯಂತೆ! ಹಿಂದಿನ ತಮ್ಮನ ಬಾಚಣಿಗೆಯ ಹಲ್ಲು ಎಣಿಸಬಹುದಿತ್ತು.

ಫೋಟೋದ ಕೆಳಗೆ ಸಂಘದ ಕಾರ್ಯದರ್ಶಿಯ ಹೆಸರಿತ್ತು. ಅವಳ ತರಗತಿಯವನೇ, ಪರೀಕ್ಷೆಗೂ ಕೊರಳಲ್ಲಿ ಕ್ಯಾಮೆರಾ ತೂಗುಹಾಕಿಕೊಂಡು ಬರುವವನು. ಹೆಸರಿನ ಮೇಲೆ ಶೀರ್ಷಿಕೆ "ಅಸ್ತಿತ್ವ". ಇಬ್ಬರು ಒಂದು ಕೋಟಿನಲ್ಲಿ ಸಿಕ್ಕಿಕೊಂಡು ನಗುತ್ತಿದ್ದರೆ ಅದಕ್ಕೆ ಅಸ್ತಿತ್ವವಂತೆ! ಅವನು ಪಕ್ಕದಲ್ಲೇ ನಾಲ್ಕು ಜನರನ್ನು ಗುಡ್ಡೆಹಾಕಿಕೊಂಡು, "ಈ ಒಂದು ಕ್ಷಣಕ್ಕೆ ಆ ಸ್ಟುಡಿಯೋದಲ್ಲಿ ಅರ್ಧ ದಿನ ಕಾದು ಕೂತಿದ್ದೆ, ಗೊತ್ತಾ?" ಎಂದು ಪುರಾಣ ಬಿಚ್ಚಿದ್ದ. ಅವಳ ಮೈಯೆಲ್ಲ ಉರಿದುಹೋಯಿತು.

"ಇದು ನಿಂದಲ್ಲ" ಅಂದಳು.

"ಏನು?"

"ಈ ಫೋಟೋ ನಾನು ತೆಗ್ದಿದ್ದು."

ಅವನು ಸುತ್ತ ನೋಡಿ ನಕ್ಕ. "ಚೆನ್ನಾಗಿರೋದೆಲ್ಲ ನಿಂದೇನಾ? ಬೇಕಾದ್ರೆ ಆ ಸೂರ್ಯನ್ನೂ ತಗೋ, ಎರಡಿದೆ." ನಾಲ್ವರೂ ನಕ್ಕರು. "ಇಬ್ರೂ ಲಾ ಓದೋರೇ ಅಲ್ವಾ, ಸಾಕ್ಷಿ ತೋರ್ಸು."

ಸಾಕ್ಷಿ ಇತ್ತು. ಅಂಗಡಿಯ ಕ್ಯಾಮೆರಾದ ಹೊಟ್ಟೆಯೊಳಗೆ ಎಲ್ಲೋ ಒಂದು ಮುಳ್ಳು ಎದ್ದಿತ್ತು. ಹಾದುಹೋಗುವ ಪ್ರತಿ ರೀಲನ್ನೂ ಅದು ಗೀರುತ್ತಿತ್ತು. ಹಾಗಾಗಿ ಪ್ರತಿ ಫೋಟೋದ ಮೇಲಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಬಿಳಿ ಗೀಟು. ಅಪ್ಪ ಅದನ್ನು ರಿಪೇರಿ ಮಾಡಿಸದೆ, ಒಂದೊಂದು ಫೋಟೋದ ಮೇಲೂ ಮುಚ್ಚುತ್ತಾ ಬಂದಿದ್ದ. ಮೂರು ಕೂದಲಿನ ಕುಂಚ, ನಾಲಿಗೆಗೆ ತುದಿ ತಾಗಿಸಿ ಬಣ್ಣ ಅದ್ದಿ, ಚುಕ್ಕಿಯ ಪಕ್ಕ ಚುಕ್ಕಿ. ಅದಕ್ಕೇ ಅವನ ಕೆಳತುಟಿಯ ನಡುವೆ ಸದಾ ಒಂದು ಕರಿ ಮಚ್ಚೆ, ಅಂಗಿಯ ಜೇಬಿನಲ್ಲಿ ಸದಾ ಆ ಕುಂಚ. ಮುಚ್ಚಿದ ಗೀಟು ನೇರ ನೋಡಿದರೆ ಯಾರಪ್ಪನಿಗೂ ಗೊತ್ತಾಗದು. ಓರೆಯಿಂದ ನೋಡಿದರೆ ಮಾತ್ರ ಹೊಳೆಯುವ ಕಾಗದದ ಮೇಲೆ ಬಣ್ಣ ಕೂತ ಜಾಗ ಮಂಕಾಗಿ ಕಾಣುತ್ತದೆ.

ಗೀಟು ಇದ್ದರೆ ಕ್ಯಾಮೆರಾ ತಮ್ಮದು. ಅವಳು ಹಲಗೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ ಓರೆಯಾಗಿ ನೋಡಿದಳು. ಹಿಂದೆ ಯಾರೋ ಕಿಸಕ್ಕೆಂದರು. ಮೇಲಂಚಿನಲ್ಲಿ ಈ ತುದಿಯಿಂದ ಆ ತುದಿಗೆ ಮಂಕು ಪಟ್ಟಿ. ಚುಕ್ಕಿಯ ಪಕ್ಕ ಚುಕ್ಕಿ, ಒಂದೂ ತಪ್ಪಿಲ್ಲ.

ಕಾರ್ಯದರ್ಶಿ ರೀಲು ಕದ್ದಿದ್ದಾನೆ ಅಂದುಕೊಂಡಿದ್ದಳು. ಕದ್ದಿದ್ದರೆ ಗೀಟು ಬೆಳ್ಳಗೆ ಉಳಿದಿರುತ್ತಿತ್ತು. ಇದನ್ನು ಅಪ್ಪ ತಾನೇ ದೊಡ್ಡದು ಮಾಡಿ, ಕೂತು, ನಾಲಿಗೆ ಕಪ್ಪು ಮಾಡಿಕೊಂಡು ಮುಚ್ಚಿಕೊಟ್ಟಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳ ಮುಖ ನೋಡಿ ಕಾರ್ಯದರ್ಶಿ ಬದಿಗೆ ಬಂದು ದನಿ ತಗ್ಗಿಸಿದ. "ನಿಮ್ಮಪ್ಪನೇ ಕೊಟ್ಟಿದ್ದು ಕಣೇ. ಪ್ರದರ್ಶನಕ್ಕೆ ಒಬ್ಬೊಬ್ರಿಂದ ಹನ್ನೆರಡು ಬೇಕಿತ್ತು, ನಂದು ಹನ್ನೊಂದೇ ಇತ್ತು. 'ಇದನ್ನೂ ಸೇರಿಸ್ಕೋ, ಯಾರು ತೆಗ್ದಿದ್ದು ಅಂತ ಮಾತ್ರ ಕೇಳ್ಬೇಡ' ಅಂದ್ರು. ನಾನು ಕೇಳ್ಲಿಲ್ಲ. ಈಗ ರಂಪ ಮಾಡಿದ್ರೆ ನಂದೊಂದೇ ಅಲ್ಲ, ನಿಮ್ಮಪ್ಪನ ಮರ್ಯಾದೆನೂ ಹೋಗುತ್ತೆ. ಯೋಚ್ನೆ ಮಾಡು."

ಯೋಚನೆ ಮಾಡಲು ಪುರುಸೊತ್ತಾಗಲಿಲ್ಲ. ಪ್ರಿನ್ಸಿಪಾಲರು ಅಪ್ಪನನ್ನು ಕರೆದುಕೊಂಡು ಒಳಗೆ ಬಂದರು. ಹಿಂದೆ ಹಿತ್ತಾಳೆಯ ಫಲಕ ಹಿಡಿದ ಗುಮಾಸ್ತ. ಅಪ್ಪ ನಗುತ್ತಾ ಬಂದವನು ಆ ಫೋಟೋದ ಮುಂದೆ ಮಗಳು ನಿಂತಿದ್ದನ್ನು ನೋಡಿದ. ನಗು ಅಲ್ಲಿಗೇ ನಿಂತಿತು.

"ಬರ್ಬೇಡ ಅಂದಿರ್ಲಿಲ್ವಾ?" ಎಂದು ಹಲ್ಲಿನ ಸಂದಿಯಿಂದ ಅಂದ.

ಅವಳು ಕೋಣೆಗೆಲ್ಲ ಕೇಳುವಂತೆ ಕೇಳಿದಳು: "ಅಪ್ಪಾ, ಈ ಫೋಟೋ ಯಾರು ತೆಗ್ದಿದ್ದು?"

"ಏನಮ್ಮಾ ಇದು, ಅತಿಥಿಗಳನ್ನ..." ಎಂದರು ಪ್ರಿನ್ಸಿಪಾಲರು.

"ಅವ್ರು ನನ್ನ ಅಪ್ಪ, ಸಾರ್. ಹೇಳ್ಲಿ. ಯಾರು ತೆಗ್ದಿದ್ದು?"

ಅಪ್ಪ ಕಾರ್ಯದರ್ಶಿಯ ಕಡೆಗೆ ಕೈ ತೋರಿಸಿದ. "ಆ ಹುಡುಗ."

"ನನ್ನ ಮುಖ ನೋಡ್ಕೊಂಡು ಹೇಳು."

ಅಪ್ಪ ಮುಖ ನೋಡಿಕೊಂಡೇ ಹೇಳಿದ. "ಆ ಹುಡುಗ ತೆಗ್ದಿದ್ದು. ನೀನು ಮನೆಗೆ ಹೋಗು."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನಿಗೆ ಮಗಳ ಒಂದೇ ಒಂದು ಫೋಟೋ ಬೇಡವಾಯಿತು. ತರಗತಿಯಲ್ಲಿ ಓದಿದ್ದಳು, ನಮ್ಮ ಕಡೆಯ ಸಾಕ್ಷಿಯೇ ತಿರುಗಿಬಿದ್ದರೆ ಅವನನ್ನು ಹಗೆಯವನಂತೆಯೇ ಪ್ರಶ್ನಿಸಬೇಕು ಎಂದು. ಓದುವಾಗ ಆ ಸಾಕ್ಷಿಗೆ ಅಪ್ಪನ ಮುಖ ಇರಬಹುದು ಅಂದುಕೊಂಡಿರಲಿಲ್ಲ. ಆ ಗಳಿಗೆಯಲ್ಲಿ ಅವಳು ಅವನನ್ನು ಮನಸಾರೆ ದ್ವೇಷಿಸಿದಳು.

ಹೆಬ್ಬೆರಳನ್ನು ಬಾಯಿಗಿಟ್ಟು ಉಗುಳು ಹಚ್ಚಿಕೊಂಡು ಫೋಟೋದ ಮೇಲಂಚನ್ನು ಉಜ್ಜಿದಳು.

"ಅಯ್ಯೋ, ಹಾಳ್ ಮಾಡ್ತಿದಾಳೆ, ಹಿಡ್ಕೊಳ್ರೋ!" ಎಂದು ಕಾರ್ಯದರ್ಶಿ ಕಿರುಚಿದ. ಯಾರೂ ಹಿಡಿಯಲಿಲ್ಲ. ಅವಳು ಮತ್ತೆ ಉಗುಳು ಹಚ್ಚಿ, ಮತ್ತೆ ಉಜ್ಜಿದಳು. ಹೆಬ್ಬೆರಳು ಕಪ್ಪಾಯಿತು. ಬಣ್ಣ ಕದಡಿ, ಕರಗಿ, ಅದರ ಕೆಳಗಿನಿಂದ ಬಿಳಿ ಗೀಟು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಚ್ಚಿಕೊಂಡಿತು.

ಆಗ ಅಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ಅವನು ಬೇಕೆಂದು ಮಾಡಿದ್ದಲ್ಲ. ಮೂವತ್ತು ವರ್ಷದಿಂದ ಆ ಬಿಳಿ ಗೀಟು ಕಣ್ಣಿಗೆ ಬಿದ್ದಾಗಲೆಲ್ಲ ಆ ಕೈ ಹಾಗೇ ಹೋಗುತ್ತಿತ್ತು. ಕುಂಚ ಹೊರಗೆ ಬಂತು, ನಾಲಿಗೆಗೆ ತಾಗಿತು, ಅಪ್ಪ ಫೋಟೋದ ಕಡೆಗೆ ಎರಡು ಹೆಜ್ಜೆ ಇಟ್ಟ. ಕುಂಚ ಕಾಗದಕ್ಕೆ ತಾಗಲು ಒಂದು ಬೆರಳಿನಷ್ಟು ದೂರವಿದ್ದಾಗ ಅವನಿಗೆ ಎಚ್ಚರವಾಯಿತು. ಕೋಣೆಯವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು.

"ಮುಚ್ಚು" ಅಂದಳು ಅವಳು. "ಮುಚ್ಚಪ್ಪಾ. ಕೈ ಯಾಕೆ ನಿಂತೋಯ್ತು?"

ಪ್ರಿನ್ಸಿಪಾಲರು ದಡ್ಡರಲ್ಲ. ಕನ್ನಡಕ ಏರಿಸಿಕೊಂಡು ಕಾರ್ಯದರ್ಶಿಯ ಉಳಿದ ಹನ್ನೊಂದನ್ನೂ ಒಂದೊಂದಾಗಿ ನೇರವಾಗಿ, ಓರೆಯಾಗಿ ನೋಡಿ ಬಂದರು. ಯಾವುದರಲ್ಲೂ ಮಂಕಿಲ್ಲ, ಗೀಟಿಲ್ಲ.

"ಸ್ಟುಡಿಯೋದವರೇ, ಈ ಗೀಟು ಎಲ್ಲಿದು?"

"ನಮ್ಮ ಅಂಗಡಿ ಕ್ಯಾಮೆರಾದ್ದು."

"ಗುಂಡಿ ಒತ್ತಿದ್ದು?"

ಅಪ್ಪನ ಗದ್ದ ಎದೆಗೆ ಇಳಿದಿತ್ತು. "ಇವಳು" ಅಂದ.

ಕಾರ್ಯದರ್ಶಿ ಯಾವಾಗ ಜಾಗ ಖಾಲಿ ಮಾಡಿದನೋ ಯಾರೂ ಗಮನಿಸಲಿಲ್ಲ. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, ಎಲ್ಲ ಸುಖಾಂತವಾಯಿತು ಎನ್ನುವ ಹಾಗೆ ಫಲಕವನ್ನು ಅಪ್ಪನ ಕಡೆ ಚಾಚಿದರು. "ಒಳ್ಳೇದೇ ಆಯ್ತು ಬಿಡಿ. ನಿಮ್ಮ ಕೈಯಿಂದ್ಲೇ ಮಗಳಿಗೆ ಕೊಡಿ."

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬೇರೆ ಯಾರ ಕೈಲಾದ್ರೂ ಕೊಡ್ಸಿ. ನನ್ನ ಕೈಯಿಂದ ಕೊಡಲ್ಲ" ಎಂದು ತಿರುಗಿ ಹೊರಟುಹೋದ.

ಅವಳಿಗೆ ಫಲಕ ಬೇಡವಾಗಿತ್ತು. ನಾಲ್ಕೂ ಗುಂಡುಸೂಜಿ ಕಿತ್ತು, ಫೋಟೋ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಅವನ ಹಿಂದೆ ಇಳಿದಳು. ಅಪ್ಪ ಸೈಕಲ್ ಸ್ಟ್ಯಾಂಡಿನಲ್ಲಿ ಬೀಗಕ್ಕೆ ಕೀಲಿ ಹಾಕಲು ಒದ್ದಾಡುತ್ತಿದ್ದ.

"ಯಾಕಪ್ಪಾ?"

"ಯಾಕೆ ಅಂತೆ! ಆ ಫಲಕ ಸಿಕ್ಕಿದ್ರೆ ನೀನು ಪುಸ್ತಕ ಮುಚ್ಚಿಟ್ಟು ಅಂಗಡೀಲಿ ಬಂದು ಕೂರ್ತಿದ್ದೆ. ನಾನು ಕೂತು ನೋಡಿದೀನಿ. ಆ ಕತ್ತಲಲ್ಲಿ ಕಣ್ಣು ಹೋಯ್ತು, ಆ ರೀಲು ತೊಳೆಯೋ ನೀರಲ್ಲಿ ಉಗುರು ಹೋಯ್ತು. ನೀನು ನಿನ್ನ ಸ್ವಂತ ಕರಿ ಕೋಟು ಹಾಕ್ಕೊಂಡು ಕೋರ್ಟಲ್ಲಿ ನಿಲ್ಬೇಕು. ಊರೋರ ಬೆವರಿನ ಕೋಟು ಕೊಡವ್ಕೊಂಡು ಇರೋದಲ್ಲ."

"ಹಾಗಾದ್ರೆ ಬಿಸಾಕ್ಬೇಕಿತ್ತು! ಬಿಸಾಕ್ದೆ ಅಂತ ನನ್ನ ಕಿವಿ ಮೇಲೆ ಹೂ ಇಟ್ಯಲ್ಲ, ನಿಜವಾಗ್ಲೂ ಬಿಸಾಕ್ಬೇಕಿತ್ತು!"

"ಬಿಸಾಕೋ ಪಟವೇನೇ ಅದು?" ಎಂದು ಅಪ್ಪ ರೇಗಿದ.

ಬಾಯಿಂದ ಬಂದ ಮಾತು ಅವನಿಗೇ ಕೇಳಿಸಿತು. ಕೀಲಿ ಹಿಡಿದ ಕೈ ಹಾಗೇ ನಿಂತಿತು. ಅವನ ಕಣ್ಣು ಅವಳ ಕೈಯಲ್ಲಿದ್ದ ಫೋಟೋಗೆ ಹೋಯಿತು, ಮೇಲಂಚಿನಲ್ಲಿ ಹೆಬ್ಬೆರಳು ಎಳೆದ ಕರಿ ರಾಡಿಗೆ ಹೋಯಿತು, ಅಲ್ಲೇ ಉಳಿಯಿತು. ಮುಖ ಸಿಂಡರಿಸಿಕೊಂಡ.

"ಹಂಗಾ ಉಜ್ಜೋದು? ಹಂಗೆ ಉಜ್ಜಿದ್ರೆ ಕಾಗದದ ಹೊಳಪೆಲ್ಲ ಕಿತ್ತೋಗುತ್ತೆ. ಹತ್ತಿ ಒದ್ದೆ ಮಾಡಿ, ಒತ್ತಿ ಒತ್ತಿ ತೆಗೀಬೇಕು. ಅಷ್ಟೂ ಗೊತ್ತಿಲ್ಲ, ಫೋಟೋ ತೆಗೀತಾಳಂತೆ ಫೋಟೋ!"

"ಊರೋರ ಮಕ್ಕಳಿಗೆಲ್ಲ ಹೇಳ್ಕೊಟ್ಟೆ" ಅಂದಳು ಅವಳು. "ನಂಗೆ ಒಂದು ದಿನ ಹೇಳ್ಕೊಟ್ಯಾ?"

ಅಪ್ಪ ಬೀಗ ತೆಗೆದ. ಸೈಕಲ್ ತಳ್ಳಿಕೊಂಡು ಅಂಗಡಿಯಿದ್ದ ಹಿಂದಿನ ಗೇಟಿನ ಕಡೆ ನಡೆದ. ಅವಳು ಫೋಟೋ ಎದೆಗವಚಿಕೊಂಡು ಮುಂದಿನ ಗೇಟಿನಿಂದ ಹೋದಳು.