ಖೀಮಲಾಲನ ‘ದಾಯ್‌ಜೋಬು’

ನಾಳೆ ಹೋಟೆಲು ಶುರು, ಇವತ್ತು ನೋಡಿದರೆ ನಾಲ್ಕು ಬಾಗಿಲಿನ ಹೊಸ ಫ್ರಿಜ್ಜು ಬೀದಿಯಲ್ಲಿ! ಹೋಟೆಲು ಇರುವುದು ಮಹಡಿ ಮೇಲೆ. ಅಂಗಡಿಯವರು ಅಷ್ಟು ದುಬಾರಿ ಸಾಮಾನನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ, ತಲೆ ಬಾಗಿಸಿ ಹೊರಟೇಹೋಗಿದ್ದರು. ನೇಪಾಳದ ಬಾಗ್ಲುಂಗ್‌ನಿಂದ ಜಪಾನಿನ ನಾಗೋಯಾಕ್ಕೆ ಬಂದು, ಕಂಡವರ ಹೋಟೆಲಿನ ಒಲೆ ಮುಂದೆ ಬೆಂದು, ಈಗಷ್ಟೇ ಸ್ವಂತ ಬೋರ್ಡು ಹಾಕಿಕೊಂಡಿದ್ದ ಖೀಮಲಾಲನ ಪಿತ್ತ ನೆತ್ತಿಗೇರಿತು. ಫ್ರಿಜ್ಜು ಮೇಲೇರದಿದ್ದರೆ ನಾಳೆಯ ಮಾಂಸ ಎಲ್ಲಿಡುವುದು, ತಲೆ ಮೇಲಾ?

ಸ್ಕೂಲಿಂದ ಬಂದ ಮಗಳು ಸುಬಿನಾಳನ್ನು ಹಾಗೇ ಎಳೆದುಕೊಂಡು ಅಂಗಡಿಗೆ ನುಗ್ಗಿದ. ಆ ಊರಿನ ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು.

“ಹೇಳು ನಾನಿ, ಹೇಳು ಮಗಳೇ ಇವನಿಗೆ! ಪರದೇಶದವರು ಅಂದ್ರೆ ಕಸಕ್ಕಿಂತ ಕಡೆ ಅಂದ್ಕೊಂಡಿದ್ದಾನಾ? ಇವರ ಪೈಕಿಯವರಾಗಿದ್ರೆ ಹೀಗೆ ಬೀದೀಲಿ ಬಿಟ್ಟು ಹೋಗ್ತಿದ್ದನಾ? ಮಾನ ಮರ್ಯಾದೆ ಇಲ್ವಾ ಅಂತ ಕೇಳು!”

ಸುಬಿನಾಳ ಮುಖ ಕೆಂಪಾಯಿತು. ಪಿಸುದನಿಯಲ್ಲಿ ಒಂದೇ ಮಾತು ಹೇಳಿ ಅಂಗಡಿಯವನಿಗೆ ತಲೆ ಬಾಗಿಸಿದಳು.

“ಇಷ್ಟುದ್ದ ಬೈದಿದ್ದಕ್ಕೆ ಬರೀ ಒಂದು ‘ಸುಮಿಮಾಸೆನ್’ ಅಂತೀಯಾ? ಅದು ಕ್ಷಮೆ ಕೇಳೋ ಮಾತು ಅಂತ ನಂಗೂ ಗೊತ್ತು ಕಣೇ!”

“ಮೆಲ್ಲಗೆ ಮಾತಾಡಿ ಬುವಾ. ಎಲ್ಲರೂ ನೋಡ್ತಿದ್ದಾರೆ.”

ಅಂಗಡಿಯವನು ಅಪ್ಪನ ಕಡೆ ಕಣ್ಣೆತ್ತಿಯೂ ನೋಡದೆ ಮಗಳಿಗೇ ಏನೋ ವಿವರಿಸಿದ. ಅದೂ ಖೀಮಲಾಲನಿಗೆ ಚುಚ್ಚಿತು. ಕೇಳಿಸಿಕೊಂಡ ಸುಬಿನಾ ಅಪ್ಪನ ಕಡೆ ತಿರುಗಿದಳು.

“ಮೇಲಕ್ಕೆ ಹೊತ್ತು ತಂದು ಜೋಡಿಸಿ ಕೊಡೋಣ್ವಾ ಅಂತ ನಿನ್ನೆ ಫೋನ್ ಮಾಡಿ ಕೇಳಿದ್ರಂತೆ. ನೀವೇನಂದ್ರಿ?”

“ದಾಯ್‌ಜೋಬು ಅಂದೆ. ಆಗ್ಲಿ, ಧಾರಾಳವಾಗಿ ಮಾಡಿ ಅಂತ ತಾನೇ ಅದರರ್ಥ?”

“ಅಯ್ಯೋ ಬುವಾ! ಬೇಕಾ ಅಂತ ಕೇಳಿದಾಗ ದಾಯ್‌ಜೋಬು ಅಂದ್ರೆ ಬೇಡ ಅಂತ. ನಂದು ಹೇಗೋ ನಡೆಯುತ್ತೆ, ನಿಮಗ್ಯಾಕೆ ತೊಂದರೆ ಅಂತ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಖೀಮಲಾಲನಿಗೆ. ಈ ದೇಶಕ್ಕೆ ಬಂದ ಹೊಸದರಲ್ಲೇ ಕಲಿತು, ಕಂಡಕಂಡಲ್ಲಿ ಹೆಮ್ಮೆಯಿಂದ ಉದುರಿಸುತ್ತಿದ್ದ ಮಾತು ಅದು. ಅಂಗಡಿಯವನು ಈಗ ಅವನತ್ತಲೇ ತಿರುಗಿ, ಸಂಜೆ ಬಂದು ಮೇಲೇರಿಸಿ ಕೊಡೋಣವೇ ಎಂದು ಕೇಳಿದ. ಗಾಬರಿಯಲ್ಲಿ ಖೀಮಲಾಲನ ಬಾಯಿಂದ “ದಾಯ್...” ಎಂದು ಹೊರಟೇಬಿಟ್ಟಿತು. ಸುಬಿನಾ ಅವನ ಕಾಲು ತುಳಿದು, ಬೇಕು ಎಂದು ತಾನೇ ಹೇಳಿದಳು. ಅವನು ನಡು ಬಗ್ಗಿಸಿ ನಿಂತ. ಮೇಲೇಳಲು ಮುಖವಿರಲಿಲ್ಲ.

ದಾರಿಯಲ್ಲಿ ಸಿಗ್ನಲ್ಲಿನ ಹತ್ತಿರ ನಿಂತಾಗ ಸುಬಿನಾ ಕೇಳಿದಳು.

“ನಮ್ಮ ಸ್ಕೂಲಲ್ಲಿ ಹಾಡಿನ ಕಾರ್ಯಕ್ರಮ ಇತ್ತಲ್ಲ, ನಿಮಗೆ ಕುರ್ಚಿ ಇಡ್ಲಾ ಅಂತ ಟೀಚರ್ ಫೋನ್ ಮಾಡಿದ್ರು. ಆಗ್ಲೂ ದಾಯ್‌ಜೋಬು ಅಂದ್ರಾ?”

ಅಂದಿದ್ದ.

“ನೀವು ಬರಲ್ಲ ಅಂದ್ರಿ ಅಂದ್ಕೊಂಡಿದ್ದೆ ನಾನು. ನಮ್ಮಪ್ಪಂಗೆ ಪುರುಸೊತ್ತಿಲ್ಲ ಅಂತ ಎಲ್ಲರಿಗೂ ಹೇಳಿದೆ.”

“ಬಂದಿದ್ದೆ ನಾನಿ. ಕುರ್ಚಿ ಮೇಲೆಲ್ಲ ಹೆಸರು ಅಂಟಿಸಿದ್ರು, ನನ್ನ ಹೆಸರೇ ಇರಲಿಲ್ಲ. ಗಾಜಿನ ಬಾಗಿಲಾಚೆ ನಿಂತಿದ್ದೆ. ನೀನು ಬಿಳಿ ರಿಬ್ಬನ್ ಕಟ್ಕೊಂಡಿದ್ದೆ.”

ಸುಬಿನಾ ಅವನ ಮುಖವನ್ನೇ ನೋಡಿದಳು. “ಹಾಡು ಕೇಳಿಸ್ತಾ?”

ಖೀಮಲಾಲ ತಲೆ ತಗ್ಗಿಸಿದ.

“ಇಲ್ಲ ಕಣೇ. ನಿಮ್ಮ ಟೀಚರ್‌ನ ಬೈಕೊಳ್ತಾ ನಿಂತಿದ್ದೆ.”