ಕಬಡ್ಡಿ ಎನ್ನಲು ಬಾರದವನು

"ಏ ಕಾಪ್ರಿ, ಬಾಯಿ ಬಿಡು ಮಾರಾಯ! ಹಲ್ಲು ಕಂಡ್ರಾದ್ರೂ ನೀನು ಎಲ್ಲಿದ್ದಿ ಅಂತ ಗೊತ್ತಾಗ್ತದೆ!"

ಕುರ್ಚಿ ಸಾಲಿನಿಂದ ಯಾರೋ ಕೂಗಿದ. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದುಬೈನ ಅಲ್ ಕುಸೈಸ್‌ನಲ್ಲಿ ಶಾಲೆಯೊಂದರ ಹಿಂದಿನ ಮರಳು ಮೈದಾನ, ತೊಂಬತ್ತೆಂಟರ ಚಳಿಗಾಲದ ಒಂದು ಶುಕ್ರವಾರ, ಕನ್ನಡ ಬಳಗದ ಕಬಡ್ಡಿ ಸೆಮಿಫೈನಲ್. ಮಿಂಗೇಲ್ ಆಗಷ್ಟೇ ನಡುಗೆರೆ ದಾಟಿದ್ದ. ಅವನು "ಕಬಡ್ಡಿ ಕಬಡ್ಡಿ" ಎಂದು ಉಸಿರು ಹಿಡಿದರೆ ಕುರ್ಚಿಯವರು ಅದೇ ತಾಳಕ್ಕೆ "ಕಾಪ್ರಿ ಕಾಪ್ರಿ" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಕಾಪ್ರಿ ಎಂದರೆ ಕರಾವಳಿಯವರ ಬಾಯಲ್ಲಿ ಆಫ್ರಿಕದ ಕರಿಯ. ಹೆಂಗಸರು ಮಕ್ಕಳು ಕೂಡ ತಟ್ಟುತ್ತಿದ್ದರು.

ಅಷ್ಟರಲ್ಲೇ ಅವನು ಇಬ್ಬರನ್ನು ಮುಟ್ಟಿ ವಾಪಸು ಬಂದ. ನಾವು ಗೆದ್ದೆವು.

ಮಿಂಗೇಲ್ ಸಿದ್ದಿ ಯಲ್ಲಾಪುರ ಕಡೆಯವನು. ಅವನ ಹಿರೀಕರನ್ನು ಯಾವ ಕಾಲದಲ್ಲೋ ಆಫ್ರಿಕದಿಂದ ಹಡಗಿನಲ್ಲಿ ಹೊತ್ತು ತಂದು ಗೋವೆಯಲ್ಲಿ ದನ ಮಾರಿದ ಹಾಗೆ ಮಾರಿದ್ದರಂತೆ. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿ ಸಿದ್ದಿಗಳೆನಿಸಿದರು. ಅಂದಿನಿಂದ ಕನ್ನಡದ ನೆಲದಲ್ಲೇ ಹುಟ್ಟಿ ಅಲ್ಲೇ ಮಣ್ಣಾಗುತ್ತಿದ್ದಾರೆ. ಮೈಬಣ್ಣ, ಗುಂಗುರು ಕೂದಲು ಹಾಗೇ ಉಳಿದಿವೆ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ? ದುಬೈನಲ್ಲಿ ಅವನೂ ನಾನೂ ಕಟ್ಟಡಗಳಿಗೆ ಕಬ್ಬಿಣದ ಸರಳು ಕಟ್ಟುವವರು. ನಾನು ಹೊನ್ನಪ್ಪ, ಬಾದಾಮಿಯವನು, ಅಲ್ ಕೂಸ್ ಲೇಬರ್ ಕ್ಯಾಂಪಿನ ತಂಡದ ಕ್ಯಾಪ್ಟನ್.

ಸೋತವರು ಸುಮ್ಮನಿರಲಿಲ್ಲ. ಪಂದ್ಯಾವಳಿ ಕನ್ನಡಿಗರಿಗೆ ಮಾತ್ರ, ಇವರು ಸೂಡಾನದವನನ್ನು ಬಾಡಿಗೆಗೆ ತಂದಿದ್ದಾರೆ ಎಂದು ಗಲಾಟೆ ಎಬ್ಬಿಸಿದರು. ಬಳಗದ ಅಧ್ಯಕ್ಷ ಶ್ರೀಕಂಠಯ್ಯ ಎದ್ದು ಬಂದರು. ಅವರೇ ನಮ್ಮ ಕಂಪನಿಯ ಮ್ಯಾನೇಜರ್.

"ಏನಯ್ಯಾ, ಕನ್ನಡ ಬರುತ್ತೇನಯ್ಯಾ ನಿನಗೆ?"

"ಹುಟ್ಟಿದ್ದೇ ಅದ್ರಲ್ಲಿ, ಸಾರ್. ನಾ ಯಲ್ಲಾಪುರದಂವ."

"ಯಾರು ಬೇಕಾದ್ರೂ ಕಲೀಬಹುದು. ಎಲ್ಲಿ, ಒಂದು ಪದ್ಯ ಹೇಳು ನೋಡೋಣ."

ಪಕ್ಕದಲ್ಲಿದ್ದ ಕೋಟಿನವನೊಬ್ಬ ಕರ್ಚೀಫು ತೆಗೆದು ಮಿಂಗೇಲನ ತೋಳನ್ನು ಗಸಗಸ ತಿಕ್ಕಿ, ಬಟ್ಟೆಗೆ ಬಣ್ಣ ಹತ್ತಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದ. ಮತ್ತೆ ನಗು. ನನ್ನ ಮೈ ಉರಿದುಹೋಯಿತು.

"ಸಾಹೇಬ್ರ, ಇವನ ಪಾಸ್‌ಪೋರ್ಟ್ ನಿಮ್ಮ ಆಫೀಸಿನ ಕಪಾಟಿನಾಗ ಐತಿ," ಎಂದೆ. "ನಮ್ಮೆಲ್ಲಾರ್ದೂ ನೀವ ಇಟ್ಕೊಂಡೀರಿ. ತೆಗದು ನೋಡ್ರಿ, ಯಾವೂರಾಂವ ಅಂತ ಬರದೈತಿ."

ಶ್ರೀಕಂಠಯ್ಯನವರ ಮುಖ ಸಪ್ಪಗಾಯಿತು. "ಆಯ್ತು ಆಯ್ತು, ಆಡ್ಲಿ ಬಿಡಿ," ಎಂದು ಮಾತು ಮುಗಿಸಿದರು. ಆ ಪಂದ್ಯದ ಉತ್ತಮ ಆಟಗಾರನ ಪದಕ ಮಿಂಗೇಲನಿಗೇ ಬಂತು. ಬೇರೆ ಪಂದ್ಯಗಳ ಆಟಗಾರರ ಕೊರಳಿಗೆ ಹಾಕಿ ಬೆನ್ನು ತಟ್ಟಿದ ಅಧ್ಯಕ್ಷರು ಇವನ ಪದಕವನ್ನು ಮಾತ್ರ ದಾರದ ತುದಿ ಹಿಡಿದು, ಮೇಲಿನಿಂದ ಅವನ ಅಂಗೈಗೆ ಬಿಟ್ಟರು.

ಗಲ್ಫ್ ಕನ್ನಡಿಗರ ವಾರಪತ್ರಿಕೆಯ ಲಿಯೊನೆಲ್ ಕ್ಯಾಮೆರಾ ಹಿಡಿದು ಬಂದ. "ಸ್ವಲ್ಪ ಹುಲಿಯ ಹಾಗೆ ಬಾಯಿ ಬಿಡಿ ಮಾರಾಯ್ರೆ, ಫೋಟೋ ಲಾಯ್ಕ್ ಬರ್ತದೆ."

ಮಿಂಗೇಲ್ ಬಾಯಿ ಬಿಡಲಿಲ್ಲ. "ಹೆಸ್ರು ಸರಿ ಬರ್ಕಳಿ. ಮಿಂಗೇಲ್ ಸಿದ್ದಿ. ಯಲ್ಲಾಪುರ ತಾಲೂಕು. ಆಯಿಗೆ ಪೇಪರ್ ಕಳಿಸ್ಬೇಕು." ಅವನ ಆಯಿ, ಅಂದರೆ ತಾಯಿ, ಒಡೆಯರೊಬ್ಬರ ಮನೆಯಲ್ಲಿ ಸಗಣಿ ಬಾಚುತ್ತಾಳೆ. ಅಷ್ಟು ವರ್ಷ ದುಡಿದರೂ ಆ ಮನೆಯವರು ಅವಳನ್ನು ಕರೆಯುವುದು "ಏ ಸಿದ್ದೀ" ಎಂದೇ, ದನಕ್ಕೆ ಹೋ ಎಂದ ಹಾಗೆ. ಅದೇ ಹೆಸರು ಪೇಪರಿನಲ್ಲಿ ಅಚ್ಚಾಗಿರುವುದನ್ನು ಆ ಒಡೆಯ ಓದಬೇಕು. ಮಿಂಗೇಲನಿಗೆ ಬೇಕಾಗಿದ್ದದ್ದು ಇಷ್ಟೇ.

ಪತ್ರಿಕೆ ಬಂದ ದಿನ ಮೆಸ್ಸಿನ ಅಡುಗೆಯವನೂ ನಮ್ಮ ತಂಡದವನೂ ಆದ ಉಳ್ಳಾಲದ ಕಾಸಿಂ ಜೋರಾಗಿ ಓದಿದ: "ಆಫ್ರಿಕದ ಅತಿಥಿಯ ಕಬಡ್ಡಿ ಮೋಡಿ. ಕಾಡುಮೃಗದ ಶಕ್ತಿಯ ಈ ಕರಿಚಿರತೆ ಪ್ರೇಕ್ಷಕರಿಗೆ ಭರಪೂರ ಮನರಂಜನೆ ನೀಡಿತು."

"ನೀಡಿತು ಅಂತೆ," ಎಂದ ಕಾಸಿಂ. "ನೀಡಿದ ಅಂತ ಕೂಡ ಇಲ್ಲ."

"ನನ್ನ ಹೆಸ್ರು?"

ಕಾಸಿಂ ಹಾಳೆ ತಿರುವಿದ, ಮತ್ತೆ ತಿರುವಿದ. "ಇಲ್ಲ ಮಾರಾಯ. ಶ್ರೀಕಂಠಯ್ಯರದ್ದು ಮಾತ್ರ ನಾಲ್ಕು ಕಡೆ ಉಂಟು."

ಮಿಂಗೇಲ್ ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದ.

ಮರುಶುಕ್ರವಾರ ಫೈನಲ್. ಕುರ್ಚಿಗಳು ತುಂಬಿದ್ದವು, ಚಿರತೆ ನೋಡಲಿಕ್ಕೆ ಮಿರ್ದಿಫ್, ಕರಾಮದಿಂದೆಲ್ಲ ಸಂಸಾರ ಸಮೇತ ಬಂದಿದ್ದರು. ಮೈದಾನಕ್ಕೆ ಇಳಿಯುವಾಗ ಮಿಂಗೇಲ್ ನನ್ನ ಕಿವಿಯಲ್ಲಿ ಹೇಳಿದ, "ಹೊನ್ನಪ್ಪಣ್ಣ, ಇವತ್ತು ನಾ ಕಬಡ್ಡಿ ಅಂಬುದಿಲ್ಲ. ಸೋತ್ರೆ ಬೈಯ್ಬೇಡ."

"ಮತ್ತೇನಂತಿ?"

"ನೋಡು."

ನಡುಗೆರೆ ದಾಟಿದ. ಕುರ್ಚಿಗಳಿಂದ ಚಪ್ಪಾಳೆ ಶುರುವಾಯಿತು, ಕಾಪ್ರಿ ಕಾಪ್ರಿ. ಮಿಂಗೇಲ್ ಎದೆ ತುಂಬ ಉಸಿರೆಳೆದುಕೊಂಡ.

"ಸಿದ್ದಿ ಸಿದ್ದಿ ಸಿದ್ದಿ ಸಿದ್ದಿ..."

ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಓಟದ ಉಸಿರಿನಲ್ಲಿ ಕಬಡ್ಡಿಯೂ ಸಿದ್ದಿಯೂ ಅಷ್ಟು ಹತ್ತಿರ. ಅವನು ಒಬ್ಬನ ಹೆಗಲು ಮುಟ್ಟಿ ಹಿಂದಿರುಗಿದ ಮೇಲೆ ಅಂಪೈರ್ ಸೀಟಿ ಊದಿದ. ಉಸಿರಿನಲ್ಲಿ ಕಬಡ್ಡಿ ಬಿಟ್ಟು ಬೇರೆ ಮಾತು ಬಂದರೆ ದಾಳಿ ರದ್ದು, ಅಂಕ ಎದುರಾಳಿಗೆ.

ಸರದಿ ಮತ್ತೆ ಬಂತು. ಮತ್ತೆ ಸಿದ್ದಿ, ಮತ್ತೆ ಸೀಟಿ. ಶ್ರೀಕಂಠಯ್ಯ ಗೆರೆಯ ತನಕ ಓಡಿಬಂದರು.

"ಹೊನ್ನಪ್ಪ! ಏನಿದು ಹುಡುಗಾಟ? ಕಬಡ್ಡಿ ಅಂತ ಹೇಳೋಕೆ ಹೇಳು ಆ ಬೋಳಿಮಗನಿಗೆ! ಇಲ್ದಿದ್ರೆ ನಾಳೆನೇ ವೀಸಾ ಖಲಾಸ್, ನೆನಪಿಟ್ಕೋ!"

ಮುಂದಿನ ದಾಳಿ ನನ್ನದು. ಗೆರೆ ದಾಟಿದೆ. ಊರಲ್ಲಿ ನನಗೂ ಒಂದು ಹೆಸರಿದೆ, ಗೌಡರ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವವರನ್ನು ಕರೆಯುವ ಹೆಸರು. ಬಾಯಿ ತೆರೆದೆ. ಬಂದದ್ದು ಸಿದ್ದಿ.

ಸೀಟಿ ಬಿತ್ತು. ಆಮೇಲೆ ಹೋದ ಕಾಸಿಂ ಕೂಡ ಸಿದ್ದಿ ಎಂದೇ ಹೋದ. ಅವನ ಹಿಂದೆ ಉಳಿದವರೂ. ಅಂಪೈರಿನ ಕೆನ್ನೆ ಊದಿ ಊದಿ ಕೆಂಪಾಯಿತು. ಕುರ್ಚಿಗಳ ಚಪ್ಪಾಳೆ ಯಾವಾಗ ನಿಂತಿತೋ ಗೊತ್ತಿಲ್ಲ. ನಾವು ಮುಟ್ಟಿದವರೆಷ್ಟೋ, ನಮಗೆ ಬಂದ ಅಂಕ ಸೊನ್ನೆ. ಯಾವ ಕಪ್ ಕೊಟ್ಟರೂ ಅಂಥ ಸೋಲನ್ನು ಬಿಟ್ಟುಕೊಡುವವನಲ್ಲ ನಾನು.

ಲಿಯೊನೆಲ್ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮಿಂಗೇಲ್ ಮೈಯ ಮರಳು ಕೊಡವುತ್ತ ಅವನಿಗೆ ಹೇಳಿದ, "ಈಗಾದ್ರೂ ಬರ್ಕಳಿ. ಇಷ್ಟು ಸಲ ಹೇಳಿದ್ನಲ್ಲ."

ಅವನು ಬರೆದ. ಕಾಸಿಂ ಓದಿದ: "ಕಬಡ್ಡಿ ಎನ್ನಲು ಬಾರದ ಆಫ್ರಿಕನ್! ಆಟದ ಹೆಸರನ್ನೇ ಉಚ್ಚರಿಸಲಾಗದೆ ತಡವರಿಸಿದ ವಿದೇಶಿ ಆಟಗಾರನಿಂದಾಗಿ ಕ್ಯಾಂಪ್ ತಂಡಕ್ಕೆ ಹೀನಾಯ ಸೋಲು. ಆಟಗಾರರು ಪಾನಮತ್ತರಾಗಿದ್ದರೆಂದು ತಿಳಿದುಬಂದಿದೆ."

"ಸೂಳೆಮಕ್ಕಳ್ರಾ," ಎಂದೆ. "ನೀರು ಕುಡಿಯಾಕ ಕೊಡಲಿಲ್ಲ, ಕುಡುದಿದ್ರು ಅಂತ ಬರದಾರ."

ಮಿಂಗೇಲ್ ಹಾಳೆ ಇಸಿದುಕೊಂಡು ತನ್ನ ಫೋಟೋ ನೋಡಿದ. ಬಾಯಿ ತೆರೆದಿತ್ತು, ಹಲ್ಲು ಕಾಣುತ್ತಿದ್ದವು. ಸಿದ್ದಿ ಎನ್ನುವಾಗಲೇ ತೆಗೆದದ್ದು. ಫೋಟೋದಲ್ಲಿ ಸದ್ದು ಬರುವುದಿಲ್ಲವಲ್ಲ, ಲಿಯೊನೆಲ್‌ಗೆ ಬೇಕಾದ ಹುಲಿ ಸಿಕ್ಕಿತ್ತು.

ಎಲ್ಲರನ್ನೂ ಕಳಿಸಿದರೆ ಸರಳು ಕಟ್ಟುವವರು ಯಾರು? ವೀಸಾ ರದ್ದಾದದ್ದು ಮಿಂಗೇಲನೊಬ್ಬನದೇ. ನಮಗೆ ಪಾಠವಾಗಲಿ ಎಂದು ಶ್ರೀಕಂಠಯ್ಯ ಬೆಳಿಗ್ಗೆ ಕೆಲಸದ ಬಸ್ಸು ಹೊರಡುವ ಮೊದಲೇ ಕ್ಯಾಂಪಿಗೆ ಬಂದು, ಅಂಗಳದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಏರ್‌ಪೋರ್ಟಿಗೆ ಒಯ್ಯುವ ಪಿಕಪ್ ಗೇಟಿನಲ್ಲಿತ್ತು. ಕಪಾಟಿನಿಂದ ಹೊರಬಿದ್ದ ಪಾಸ್‌ಪೋರ್ಟ್ ಅವರ ಕೈಯಲ್ಲಿತ್ತು. ಬಿಡಿಸಿ ಗಟ್ಟಿಯಾಗಿ ಓದಿದರು.

"ಮಿಂಗೇಲ್ ಸಿದ್ದಿ. ಹುಟ್ಟಿದ ಸ್ಥಳ, ಯಲ್ಲಾಪುರ. ಕರ್ನಾಟಕ. ಬಾರಯ್ಯ, ತಗೊಂಡು ಹೊರಡು."

ಅಂತೂ ಆ ಬಾಯಿಂದ ಹೆಸರು ಬಂತು.

ಮಿಂಗೇಲ್ ಚೀಲ ಕೆಳಗಿಟ್ಟ. ಹಿಮ್ಮಡಿಯಿಂದ ಮರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದ. ನಾವೆಲ್ಲ ಗೆರೆಯ ಈಚೆ, ಶ್ರೀಕಂಠಯ್ಯ ಒಬ್ಬರೇ ಆಚೆ. ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಗೆರೆ ದಾಟಿದ.

"ಸಿದ್ದಿ ಸಿದ್ದಿ ಸಿದ್ದಿ ಸಿದ್ದಿ..."

"ಏಯ್, ಏನೋ ಇದು? ದೂರ ನಿಲ್ಲು! ಮುಟ್ಟಬೇಡ!"

ಅವರು ಹಿಂದಕ್ಕೆ ಸರಿಯುವಷ್ಟರಲ್ಲಿ ಮಿಂಗೇಲನ ಅಂಗೈ ಅವರ ಬಿಳಿ ಅಂಗಿಯ ಎದೆಯ ಮೇಲೆ ಬಿದ್ದಿತ್ತು. ಹೊಡೆದದ್ದಲ್ಲ, ತಳ್ಳಿದ್ದೂ ಅಲ್ಲ, ಮುಟ್ಟಿದ ಅಷ್ಟೇ. ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಅದೇ ಉಸಿರಿನಲ್ಲಿ ಸಿದ್ದಿ ಸಿದ್ದಿ ಎನ್ನುತ್ತ ಗೆರೆಯ ಈಚೆ ಬಂದು ನಿಂತ. ಅಲ್ಲಿ ಲಿಯೊನೆಲ್ ಇರಲಿಲ್ಲ, ಸೀಟಿ ಊದುವವನೂ ಇರಲಿಲ್ಲ.

ಶ್ರೀಕಂಠಯ್ಯ ಕರ್ಚೀಫು ತೆಗೆದು ಎದೆಯನ್ನು ಗಸಗಸ ತಿಕ್ಕಿಕೊಳ್ಳತೊಡಗಿದರು.

"ಒರಸ್ರಿ, ಒರಸ್ರಿ," ಎಂದೆ ನಾನು. "ಆದ್ರ ಔಟಾದವ್ರು ಗೆರಿ ಹೊರಗ ಹೋಗಿ ನಿಂದರಬೇಕು, ಸಾಹೇಬ್ರ."