ಆರಿದೆ ಅಂದವರು

ಟಿಣ್.

ಚಮಚೆಯ ತುದಿಯನ್ನು ಬಟ್ಟಲಿಗೆ ಮೆಲ್ಲಗೆ ತಾಗಿಸಿದಷ್ಟು ಸದ್ದು. ಅವಳು ಕಣ್ಣು ಬಿಟ್ಟಳು. ಹನ್ನೊಂದೂ ಮುಕ್ಕಾಲು. ಪಕ್ಕದಲ್ಲಿ ಗಂಡ ಊರು ಕೊಳ್ಳೆ ಹೋದರೂ ತನಗೇನು ಎಂಬಂತೆ ಗೊರಕೆ ಹೊಡೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ, ಟಿಣ್. ಸದ್ದು ಬರುತ್ತಿದ್ದುದು ಮನೆಯ ಹಿಂದೆ ಹಲಗೆ ಹಾಸಿ ಜಗಲಿಯಂತೆ ಮಾಡಿದ್ದ ಡೆಕ್ಕಿನಿಂದ. ಕಾದ ಕಬ್ಬಿಣ ತಣಿಯುವಾಗ ಹಾಗೆ ಸದ್ದು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಸಂಜೆ ಏಳಕ್ಕೇ ಆರಿದೆ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡಿದ್ದ, ಕೋಳಿ ಸುಡುವ ಇದ್ದಿಲಿನ ಗ್ರಿಲ್ಲಿನಲ್ಲಿ, ಈ ಹೊತ್ತಿನಲ್ಲಿ ತಣಿಯಲು ಇನ್ನೇನು ಉಳಿದಿತ್ತು?

ಆರಿದೆ. ಸಂಜೆಯಿಂದ ಅವಳ ತಲೆ ಕೊರೆಯುತ್ತಿದ್ದುದೇ ಆ ಒಂದು ಮಾತು.

ಅವಳು ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಮಾತ್ರೆ ಕೊಡುವವಳು. "ಇದು ಬೆಳಿಗ್ಗೆ, ಊಟ ಆದ ಮೇಲೆ. ಇದು ರಾತ್ರಿ, ಊಟಕ್ಕೆ ಮುಂಚೆ. ಈಗ ನೀವು ಹೇಳಿ" ಎಂದು ಗಿರಾಕಿಗಳ ಬಾಯಿಂದಲೇ ಹೇಳಿಸಿದ ಮೇಲೆ ಪೊಟ್ಟಣ ಕೈಬಿಡುವವಳು. ಮನೆಯಲ್ಲಿ ಅದೊಂದು ನಗೆಯ ಸಂಗತಿ. "ಇವಳ ಹತ್ರ ಉಪ್ಪು ಕೇಳಿದ್ರೆ, ಎಷ್ಟು, ಯಾತಕ್ಕೆ, ಯಾವಾಗಿಂದ ಅಂತ ಕೇಳಿ ಸಹಿ ಹಾಕಿಸ್ಕೊಂಡು ಕೊಡ್ತಾಳೆ" ಎನ್ನುತ್ತಿದ್ದ ಗಂಡ. ಅತ್ತೆಯೂ ನಗುತ್ತಿದ್ದರು. ಆದರೆ ಅವರ ವಾರದ ಮಾತ್ರೆಗಳ ಡಬ್ಬಿಯನ್ನು ಸೊಸೆಯೇ ತುಂಬಬೇಕು, ತಮ್ಮ ಗಂಡುಮಕ್ಕಳಿಬ್ಬರೂ ಮುಟ್ಟುವಂತಿಲ್ಲ.

ಅಂಥವಳು ಇವತ್ತು ಒಂದೇ ಒಂದು ಮಾತನ್ನು ಹಿಂದೆ ಮುಂದೆ ಏನೂ ಇಲ್ಲದೆ ಆಡಿಬಿಟ್ಟಿದ್ದಳು. ಆಡಿದ್ದು ಯಾರಿಗೂ ಗೊತ್ತಿರಲಿಲ್ಲ.

ಸಂಜೆಯ ಊಟ ಮೈದುನನಿಗಾಗಿ. ಅವನು ಹಲ್ಲು ಬಿದ್ದವರು ಕಟ್ಟಿಸಿಕೊಳ್ಳುವ ಕೃತಕ ಹಲ್ಲು ಮಾಡುವವನು. ಎರಡು ವರ್ಷ ಕಲಿತು ಮುಗಿಸಿದ್ದ. ಸೋಮವಾರ ಒಂದು ದೊಡ್ಡ ಲ್ಯಾಬಿನಲ್ಲಿ ಅವನ ಕೈಪರೀಕ್ಷೆ. ಮೇಣದಲ್ಲಿ ದವಡೆ ಹಲ್ಲೊಂದನ್ನು ಕೆತ್ತಿ, ಅಚ್ಚು ಮಾಡಿ, ಕುಲುಮೆಗಿಟ್ಟು ತೆಗೆಯಬೇಕು. ಆ ಲ್ಯಾಬಿಗೆ ದಿನವೂ ಸಾಮಾನು ಹಾಕುವುದು ಗಂಡನ ವ್ಯಾನು. ಮಾಲೀಕರೊಂದಿಗೆ ಮಾತಾಡಿ ಪರೀಕ್ಷೆ ಕೊಡಿಸಿದವನೂ ಅವನೇ. "ಇನ್ನು ಮೇಲೆ ಊರಿನವರೆಲ್ಲ ನಕ್ಕರೆ ನಮ್ಮ ಹುಡುಗನ ಕೈಕೆಲಸ ಕಾಣ್ಬೇಕು" ಎನ್ನುತ್ತ ಅವನು ಕೆಂಡದ ಮೇಲೆ ಕೋಳಿ ತುಂಡು, ಈರುಳ್ಳಿ, ಜೋಳದ ತೆನೆ ಸುಡುತ್ತಿದ್ದ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಕೆಂಡ ಮಂಕಾಯಿತು. ಮತ್ತೆ ಇದ್ದಿಲು ಹಾಕಬೇಕಾದರೆ ಕಬ್ಬಿಣದ ಜಾಲರಿಯನ್ನು ಎತ್ತಿ ಪಕ್ಕದ ಕಲ್ಲಿನ ಮೇಲಿಡಬೇಕು. ಎತ್ತುವುದಕ್ಕೆಂದೇ ಒಂದು ಕೊಕ್ಕೆ ಇತ್ತು. ಅದು ಬೇಕಾದಾಗ ಸಿಗುವ ವಸ್ತುವಲ್ಲ.

ರೇಲಿಂಗಿನ ಮೇಲೆ ದಪ್ಪನೆಯ ಕೈಗವಸುಗಳೆರಡು ನೇತಾಡುತ್ತಿದ್ದವು. ಜಿಡ್ಡು ವಾಸನೆ ಎಂದು ಬೆಳಿಗ್ಗೆ ಹತ್ತಕ್ಕೆ ತೊಳೆದು ಹಾಕಿದ್ದವಳು ಅವಳೇ.

"ಆರಿದೆಯಾ?" ಎಂದು ಮೈದುನ ಕೇಳಿದ.

ಆಗ ಅವನು ಯಾವ ಕಡೆ ನೋಡುತ್ತಿದ್ದ? ಇದನ್ನೇ ಅವಳು ಹಾಸಿಗೆಯಲ್ಲಿ ನೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಕೈಗವಸಿನ ಬಗ್ಗೆ ಎಂದುಕೊಂಡು ಅವಳು ಹತ್ತಿರದ್ದನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಬಟ್ಟೆ ಗರಿಗರಿಯಾಗಿತ್ತು. "ಆರಿದೆ" ಎಂದಳು. ಅಷ್ಟರಲ್ಲಿ ಗಂಡನೂ ಏನೋ ಅಂದ, ಕಿಟಕಿಯೊಳಗಿನಿಂದ ಅತ್ತೆಯೂ ಏನೋ ಅಂದರು. ಮೈದುನ ಬಲಗೈಗೆ ಗವಸು ಏರಿಸಿ ಜಾಲರಿ ಎತ್ತಿದ. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಅವನು ಕೂಗಿದ ಕೂಗು ಮನುಷ್ಯರದ್ದು ಎನ್ನುವಂತಿರಲಿಲ್ಲ. ಜಾಲರಿ ಡೆಕ್ಕಿನ ಮೇಲೆ ಬಿದ್ದು ಹಲಗೆಗೆ ಸಾಲು ಸಾಲಾಗಿ ಬರೆ ಎಳೆಯಿತು.

ಆಮೇಲಿನದೆಲ್ಲ ಅವಳು ಸರಿಯಾಗಿಯೇ ಮಾಡಿದ್ದಳು. ಗವಸು ಕಿತ್ತು ಬಕೆಟ್ಟಿಗೆಸೆದು, ಕೈಯನ್ನು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಗಡಿಯಾರ ನೋಡಿ ಹಿಡಿಸಿದಳು. ಅತ್ತೆ ಗಾಬರಿಯಲ್ಲಿ ಟೂತ್‌ಪೇಸ್ಟ್ ಹಿಡಿದು ಓಡಿಬಂದರು. "ಅವನು ಹಲ್ಲಿನವನು ನಿಜ ಕಣಮ್ಮ, ಹಾಗಂತ ಕೈಗೂ ಪೇಸ್ಟಾ?" ಎಂದ ಗಂಡನ ಮಾತಿಗೆ ಮೈದುನ ಅಳುತ್ತಲೇ ನಕ್ಕ. ಆಸ್ಪತ್ರೆಯಲ್ಲಿ ನಾಲ್ಕು ಬೆರಳಿಗೂ ಅಂಗೈಗೂ ಬಟ್ಟೆ ಸುತ್ತಿದರು. ಮೂರು ವಾರ ಕೈಗೆ ಕೆಲಸವಿಲ್ಲ ಎಂದರು.

ಮನೆಗೆ ಬಂದ ಮೇಲೆ ವಿಚಾರಣೆ.

"ಯಾರೋ ಆರಿದೆ ಅಂದ್ರು. ಜಾಲರಿ ತಣ್ಣಗಾಗಿದೆ ಅಂದ್ಕೊಂಡೆ" ಎಂದ ಮೈದುನ.

"ನಾನು ಹೇಳಿದ್ದು ಕೆಂಡ ಆರಿದೆ, ಇದ್ದಿಲು ಹಾಕು ಅಂತ" ಎಂದ ಗಂಡ.

"ಅಯ್ಯೋ, ನನ್ನನ್ನ ಕೇಳ್ತಿದ್ದಾನೆ ಅಂದ್ಕೊಂಡ್ನಲ್ಲೋ!" ಅತ್ತೆ ಹಣೆ ಚಚ್ಚಿಕೊಂಡರು. "ಚಹಾ ಆರಿದೆ ಅಂದೆ. ನನ್ನ ನಾಲಿಗೆಗೆ ಹುಳ ಬೀಳ!"

"ಬೆಂಕಿ ಆರಿದ್ರೂ ಆರಿದೆ, ಚಹಾ ಆರಿದ್ರೂ ಆರಿದೆ, ಬಟ್ಟೆ ಆರಿದ್ರೂ ಆರಿದೆ" ಎಂದು ಗಂಡ ಕೈಯೆತ್ತಿದ. "ಒಂದೇ ಮಾತಿಗೆ ಮೂರು ಮನೆ ಚಾಕರಿ ಕೊಟ್ರೆ ಅದಾದ್ರೂ ಏನ್ ಮಾಡುತ್ತೆ? ಬಿಡಿ, ಯಾರದ್ದೂ ತಪ್ಪಿಲ್ಲ." ಆಮೇಲೆ ಅವಳ ಕಡೆ ತಿರುಗಿ, "ನಿನ್ನನ್ನೇನಾದ್ರೂ ಕೇಳಿದ್ನೇನೇ?"

ಅವಳು ಬಾಯಿ ತೆರೆದಳು.

"ಅವಳನ್ನ ಕೇಳಿದ್ರೆ ಪೂರ್ತಿ ವಾಕ್ಯ ಬರ್ತಿತ್ತು, ಇಂಥದ್ದು ಆರಿದೆ, ಇಷ್ಟು ಆರಿದೆ ಅಂತ" ಎಂದರು ಅತ್ತೆ. ಎಲ್ಲರೂ ನಕ್ಕರು. ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಮೆಚ್ಚುಗೆಯ ಮಾತನ್ನು ತುಂಡರಿಸಿ ತಪ್ಪೊಪ್ಪಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಟಿಣ್.

ಎದ್ದಳು. ಟಾರ್ಚು ಹಿಡಿದು ಹಿಂಬಾಗಿಲು ತೆಗೆದಳು. ಗ್ರಿಲ್ಲಿನ ಮುಚ್ಚಳ ಮುಟ್ಟದೆ, ಅಂಗೈ ಹಿಂಬದಿಯನ್ನು ಒಂದು ಗೇಣು ದೂರ ಹಿಡಿದು ನೋಡಿದಳು. ಕಾವು ಹೊಡೆಯಿತು. ಕೆಳಗಿನ ಗಾಳಿಕಿಂಡಿ ತೆರೆದೇ ಇತ್ತು. ಒಳಗೆ ಬೂದಿಯ ಕೆಳಗೆ ಕೆಂಪು. ಹಾಗಾದರೆ ಗಂಡ ಹೇಳಿದ್ದೂ ನಿಜವಲ್ಲ; ಕೆಂಡ ಆರಿರಲೇ ಇಲ್ಲ. ಕಡ್ಡಿಯೊಂದರಿಂದ ಕಿಂಡಿಯನ್ನು ಸರಿಸಿ ಮುಚ್ಚಿದಳು. ಹಿಂತಿರುಗುವಾಗ ಟಾರ್ಚಿನ ಬೆಳಕು ರೇಲಿಂಗಿನ ಮೇಲೆ ಹಾಯಿತು. ಬಲಗೈಯ ಗವಸು ಬಕೆಟ್ಟಿನ ನೀರಿನಲ್ಲಿತ್ತು. ಎಡಗೈಯದ್ದು ಯಾರೂ ಮುಟ್ಟದೆ ಬೆಳಿಗ್ಗೆ ಹಾಕಿದಲ್ಲೇ ಇತ್ತು.

ಆಗ ಹೊಳೆಯಿತು. ಜಾಲರಿ ತಣ್ಣಗಿದೆ ಎಂದುಕೊಂಡವನು ಗವಸು ಹಾಕಿಕೊಂಡದ್ದೇಕೆ?

ಅವಳು ಎಡಗವಸಿನೊಳಗೆ ಕೈ ತೂರಿಸಿದಳು. ಹೊರಗೆ ಗರಿಗರಿ. ಒಳಗಿನ ಹತ್ತಿಯ ಪದರ ತಣ್ಣಗೆ, ಬೆರಳ ತುದಿಗಳಲ್ಲಂತೂ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮಂಜು ಬಿದ್ದಿದೆಯೇನೋ ಎಂದು ಒಂದು ಕ್ಷಣ ಆಸೆಪಟ್ಟಳು. ಮಂಜು ಬಿದ್ದರೆ ಹೊರಗೆ ಬೀಳಬೇಕು, ಒಳಗಲ್ಲ. ಒದ್ದೆ ಬಟ್ಟೆಗೆ ಕಾದ ಕಬ್ಬಿಣ ತಗುಲಿದರೆ ನೀರು ಹಬೆಯಾಗಿ ಕೈ ಬೇಯಿಸುತ್ತದೆ. ಅದೂ ಗವಸಿನೊಳಗೆ, ಹಬೆಗೆ ಹೋಗಲು ದಾರಿಯಿಲ್ಲದಲ್ಲಿ. ಎರಡು ಬೆರಳಲ್ಲಿ ಹೊರಗಷ್ಟೇ ಒತ್ತಿ ನೋಡಿ ಆರಿದೆ ಎಂದವಳು ಅವಳು. ಚಹಾ, ಕೆಂಡ, ಮೂರು ಅರ್ಥ, ಎಲ್ಲ ಕಾಗಕ್ಕ ಗುಬ್ಬಕ್ಕನ ಕತೆ.

ಅಡುಗೆಮನೆಯಲ್ಲಿ ದೀಪ ಹತ್ತಿತು.

ಮೈದುನ ಬಟ್ಟೆ ಸುತ್ತಿದ ಕೈಯನ್ನು ಮೇಜಿನ ಮೇಲೆ ಬೇರೆಯವರ ಸಾಮಾನಿನಂತೆ ಇಟ್ಟುಕೊಂಡು ಕೂತಿದ್ದ. "ನೋವಿಗೆ ನಿದ್ದೆ ಹತ್ತಲಿಲ್ಲ ಅತ್ತಿಗೆ."

ಅವಳು ಎದುರು ಕೂತು ಗವಸನ್ನು ಮೇಜಿನ ಮೇಲಿಟ್ಟಳು. ಈ ಸಲ ಪೂರ್ತಿ ವಾಕ್ಯವನ್ನೇ ಹೇಳಿದಳು. "ಇದನ್ನ ನಾನು ತೊಳೆದು ಹಾಕಿದ್ದೆ. ನೀನು ಆರಿದೆಯಾ ಅಂದಾಗ ಆರಿದೆ ಅಂದವಳೂ ನಾನೇ. ಒಳಗೆ ಒದ್ದೆ ಇತ್ತು. ನಿನ್ನ ಕೈ ಸುಟ್ಟಿದ್ದು ನನ್ನಿಂದ."

ಅವನು ಗವಸು ನೋಡಿದ, ಅವಳನ್ನು ನೋಡಿದ. "ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ಒದ್ದೆ ಅಂತ. ಕೈ ಹಾಕಿದ ತಕ್ಷಣ ತಣ್ಣಗೆ ತಾಗ್ತು."

"ಮತ್ತೆ ಯಾಕೋ ಎತ್ತಿದೆ?"

"ಒಳ್ಳೇದೇ ಆಯ್ತು ಅಂದ್ಕೊಂಡೆ." ಅವನ ದನಿ ತಗ್ಗಿತು. "ಅಮ್ಮ ಒಲೆಯಿಂದ ಪಾತ್ರೆ ಇಳಿಸೋದು ನೋಡಿಲ್ವಾ? ಮಸಿಬಟ್ಟೆಗೆ ನಲ್ಲಿ ನೀರು ಹಿಡಿದು, ಹಿಂಡಿ, ಆಮೇಲೇ ಇಳಿಸೋದು. ಒದ್ದೆ ಇದ್ರೆ ತಂಪು ಅಂತ. ಚಿಕ್ಕಂದಿನಿಂದ ನೋಡಿದ್ದು ಅದೇ."

"ಅಲ್ವೋ, ನೀನು ಕುಲುಮೆ ಹತ್ರ ಕೆಲಸ ಕಲಿತವನು…"

"ಮೊದಲ ದಿನ ಕಲಿಸೋದೇ ಅದು. ಒಣ ಗ್ಲೌಸ್, ಒಣ ಕೈ. ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಹತ್ತು ತಗೊಂಡಿದ್ದೀನಿ. ಲ್ಯಾಬಲ್ಲಿ ಇದು ನನ್ನ ಕೈ. ಮನೆಗೆ ಬಂದ್ರೆ ಅಮ್ಮನ ಕೈ ಆಗಿಬಿಡುತ್ತೆ."

"ಆರಿದೆಯಾ ಅಂತ ಕೇಳಿದ್ದು ಯಾರನ್ನ? ನನ್ನನ್ನಾ?"

"ನಿಜವಾಗ್ಲೂ ಗೊತ್ತಿಲ್ಲ ಅತ್ತಿಗೆ. ಕೇಳಿದೆ ಅಷ್ಟೇ. ಎಲ್ರೂ ಆರಿದೆ ಅಂದ್ರಿ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ತಪ್ಪನ್ನು ಎತ್ತಿಕೊಂಡು ಬಂದವಳ ಕೈಯಿಂದ ಯಾರೋ ಅದನ್ನು ಅರ್ಧ ಕಿತ್ತುಕೊಂಡಂತಾಗಿತ್ತು. ಉಳಿದರ್ಧ ಎಷ್ಟು ಭಾರವೆಂದು ತೂಗುವುದು ಯಾವ ತಕ್ಕಡಿಯಲ್ಲಿ?

"ಬೆಳಿಗ್ಗೆ ಎಲ್ಲರ ಮುಂದೆ ಹೇಳಿಬಿಡ್ತೀನಿ. ಅತ್ತೆ ಚಹಾ ಚಹಾ ಅಂತ ಕೊರಗ್ತಿದ್ದಾರೆ, ಪಾಪ."

"ಬೇಡ." ಅವನು ಎಡಗೈಯಿಂದ ಗವಸನ್ನು ತನ್ನ ಕಡೆಗೆ ಎಳೆದುಕೊಂಡ. "ಲ್ಯಾಬ್ ಮಾಲೀಕರಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದೆ. ಹೇಗಾಯ್ತು ಅಂದ್ರು. ತಣ್ಣಗಿದೆ ಅಂದ್ಕೊಂಡು ಮುಟ್ಟಿದೆ ಅಂದೆ. ಪಾಪ, ಯಾರಿಗಾದ್ರೂ ಆಗುತ್ತೆ, ಕೈ ವಾಸಿ ಮಾಡ್ಕೊಂಡು ಬಾ, ಜಾಗ ಇಟ್ಟಿರ್ತೀನಿ ಅಂದ್ರು. ಒದ್ದೆ ಗ್ಲೌಸಲ್ಲಿ ಬೆಂಕಿ ಕಬ್ಬಿಣ ಎತ್ತಿದೆ ಅಂದಿದ್ರೆ ಇಟ್ಟಿರ್ತಿದ್ರಾ? ಕುಲುಮೆ ಹತ್ರ ಬಿಡ್ತಿದ್ರಾ?"

"ಮಾಲೀಕರಿಗೆ ಯಾರು ಹೇಳ್ತಾರೆ?"

"ಅಣ್ಣನಿಗೆ ಹೇಳಿದ್ರೆ ಡಂಗುರ ಹೊಡೆದ ಹಾಗೆ. ಸೋಮವಾರ ಬೆಳಿಗ್ಗೆ ವ್ಯಾನ್ ಇಳಿಯೋ ಮುಂಚೆ ಅಲ್ಲೆಲ್ಲ ನಗ್ತಿರ್ತಾರೆ."

ಅದು ಸುಳ್ಳಲ್ಲ. ಗಂಡನ ಹೊಟ್ಟೆಯಲ್ಲಿ ಅನ್ನ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ.

"ಅತ್ತೆಗಾದ್ರೂ…"

"ಅಮ್ಮನಿಗೆ ಏನಂತ ಹೇಳ್ತೀರಾ? ನಿಮ್ಮ ಚಹಾದಿಂದ ಅಲ್ಲ, ನಿಮ್ಮ ಮಸಿಬಟ್ಟೆಯಿಂದ ಅಂತಲಾ?"

ಅಷ್ಟರಲ್ಲಿ ಅತ್ತೆಯ ಕೋಣೆಯ ಬಾಗಿಲು ಕಿರುಗುಟ್ಟಿತು. ಮೈದುನ ಗವಸನ್ನು ಮಡಿಲಿಗೆ ಜಾರಿಸಿಕೊಂಡ.

"ಅತ್ತಿಗೆ ಮೈದುನ ಸೇರಿ ಏನು ಮಸಲತ್ತು?" ಎನ್ನುತ್ತ ಬಂದ ಅತ್ತೆಯ ಕಣ್ಣುಗಳು ಕೆಂಪಾಗಿದ್ದವು. "ನೋಯ್ತಿದೆಯಾ ಮಗಾ? ಆ ಹಾಳು ಚಹಾ! ಇನ್ನು ಬಾಯಿಗೆ ಇಡಲ್ಲ ಅಂತ ಆಣೆ ಮಾಡ್ಕೊಂಡಿದ್ದೀನಿ."

"ಅಯ್ಯೋ, ನೀನು ಚಹಾ ಬಿಟ್ರೆ ಬೆಳಿಗ್ಗೆ ಈ ಮನೇಲಿ ಯಾರು ಬದುಕೋದು? ನನ್ನ ಇನ್ನೊಂದು ಕೈಯೂ ಹೋಗುತ್ತೆ" ಎಂದ ಮೈದುನ. ಅತ್ತೆ ನಗಲಿಲ್ಲ. ಹಾಲಿನ ಪಾತ್ರೆಯನ್ನು ಒಲೆಗಿಟ್ಟು, ಉಕ್ಕಿ ಬರುವವರೆಗೆ ಕಾದರು. ಆಮೇಲೆ ಮೊಳೆಯಿಂದ ಮಸಿಬಟ್ಟೆ ತೆಗೆದು ನಲ್ಲಿಯ ಕೆಳಗೆ ಹಿಡಿದರು.

ಮೈದುನ ಮೇಜನ್ನೇ ನೋಡುತ್ತಿದ್ದ. ಅವಳು ಅತ್ತೆಯ ಕೈಯನ್ನು ನೋಡುತ್ತಿದ್ದಳು. ಹಿಂಡಿದರು, ಎರಡು ಮಡಿಕೆ ಮಾಡಿದರು. ನಲವತ್ತು ವರ್ಷದಿಂದ ಹೀಗೆಯೇ ಇಳಿಸಿದ್ದರು. ನಲವತ್ತು ವರ್ಷ ಏನೂ ಆಗಿರಲಿಲ್ಲ. ಇವತ್ತೂ ಆಗದಿರಬಹುದು.

"ಅತ್ತೆ, ತಾಳಿ." ಅವಳು ಎದ್ದು ಕಪಾಟಿನಿಂದ ದಪ್ಪನೆಯ ಒಣ ಬಟ್ಟೆಯೊಂದನ್ನು ತಂದು ಕೈಗಿಟ್ಟಳು. "ಇದರಲ್ಲಿ ಇಳಿಸಿ."

"ಯಾಕೆ? ಇದಕ್ಕೇನಾಗಿದೆ?"

ಮೈದುನನ ಬೆರಳು ಮಡಿಲಲ್ಲಿ ಬಿಗಿಯಾದದ್ದು ಅವಳಿಗೆ ಕಂಡಿತು. ಯಾಕೆ ಎಂಬುದಕ್ಕೆ ಅವಳ ಹತ್ತಿರ ಪೂರ್ತಿ ವಾಕ್ಯವಿತ್ತು, ಕಾರಣ ಸಮೇತ.

"ಅದು ಕೊಳೆಯಾಗಿದೆ ಅತ್ತೆ. ನಾಳೆ ಒಗೀತೀನಿ."

"ನಿನ್ನ ಶುದ್ಧಿ ನಿನಗೆ" ಎಂದು ಗೊಣಗಿ ಅತ್ತೆ ಒಣ ಬಟ್ಟೆಯಲ್ಲಿ ಹಾಲು ಇಳಿಸಿದರು. ಮೂರು ಲೋಟಕ್ಕೆ ಬಗ್ಗಿಸಿದರು. ಮಗನ ಲೋಟವನ್ನು ಎಡಗೈಯ ಪಕ್ಕಕ್ಕೇ ಸರಿಸಿದರು.

ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು. ಗಂಡನಿಗಿಲ್ಲ, ಅತ್ತೆಗಿಲ್ಲ, ಮಾಲೀಕರು ಎಂದಾದರೂ ಅಂಗಡಿಗೆ ಮಾತ್ರೆ ಕೊಳ್ಳಲು ಬಂದು ವಿಚಾರಿಸಿದರೆ ಅವರಿಗೂ ಇಲ್ಲ. ಮೈದುನನ ಕೆಲಸಕ್ಕಾಗಿಯೋ, ಅತ್ತೆಯ ನಲವತ್ತು ವರ್ಷಕ್ಕಾಗಿಯೋ, ಇಲ್ಲ ತನ್ನ ಒಳ್ಳೆಯ ಹೆಸರಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡಳು. ಗೊತ್ತಾಗಲಿಲ್ಲ. ಲೋಟ ಎತ್ತಿಕೊಂಡು ಹಾಲು ಕುಡಿದಳು.